ಬೇಲಿ ಬಿದ್ದ ಭಾನುವಾರ

ನಮ್ಮ ಮತ್ತು ಪಕ್ಕದ ಮನೆಯ ಮುನಿರಾಮಯ್ಯನವರ ಹಿತ್ತಲುಗಳ ನಡುವಿನ ಬೇಲಿಯನ್ನು ಒಂದೇ ಭಾನುವಾರದಲ್ಲಿ, ಒಬ್ಬನೇ, ಒಂದೇ ಮಚ್ಚಿನಿಂದ ಸರಿಮಾಡುತ್ತೇನೆಂದು ನಾನು ಪ್ರತಿಜ್ಞೆ ಮಾಡಿದಾಗ ನನ್ನ ಹೆಂಡತಿ ಜಯದೇವಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಹೋದ ವರ್ಷ ನಲ್ಲಿ ಸರಿಮಾಡ್ತೀನಿ ಅಂದಿದ್ರಿ. ಆಮೇಲೆ ಮೂರು ದಿನ ಎದುರು ಮನೆಯಿಂದ ನೀರು ಹೊತ್ವಿ.”

“ನಲ್ಲಿ ಬೇರೆ, ಬೇಲಿ ಬೇರೆ,” ಎಂದೆ ಗಂಭೀರವಾಗಿ.

ಅದು ಎಪ್ಪತ್ತಾರನೆಯ ಇಸವಿ. ರಾಜಾಜಿನಗರದ ನಮ್ಮ ಬೀದಿಯಲ್ಲಿ ಕಾಂಪೌಂಡ್ ಗೋಡೆ ಇದ್ದ ಮನೆಗಳು ಆಗ ಕಡಿಮೆ. ನಮ್ಮಿಬ್ಬರ ನಡುವೆ ಇದ್ದದ್ದು ಬಿದಿರು ದಬ್ಬೆಯ ಬೇಲಿ. ಇದ್ದದ್ದು ಎಂದು ಕೇಳಿ ಬಲ್ಲೆನೇ ಹೊರತು ಕಣ್ಣಾರೆ ಕಂಡವನಲ್ಲ. ಮುನಿರಾಮಯ್ಯನವರ ಕಡೆಯಿಂದ ಕಾಗದದ ಹೂವಿನ ಗಿಡ, ನಮ್ಮ ಕಡೆಯಿಂದ ಜಯದೇವಿಯ ತೊಂಡೆ ಬಳ್ಳಿ, ಎರಡೂ ಅದರ ಮೇಲೆ ಹಬ್ಬಿ, ಆಳೆತ್ತರ ಮೀರಿ, ನಮ್ಮ ಬಟ್ಟೆ ಒಗೆಯುವ ಕಲ್ಲನ್ನು ಗೆದ್ದುಕೊಂಡು ಬಚ್ಚಲಮನೆಯ ಕಡೆಗೆ ದಂಡೆತ್ತಿ ಹೊರಟಿದ್ದವು. ಆ ವಾರವಷ್ಟೇ ಒಂದು ಮುಳ್ಳು ನನ್ನ ಹೊಸ ಟೆರಿಲಿನ್ ಶರಟನ್ನು ಬೆನ್ನುದ್ದಕ್ಕೂ ಸೀಳಿತ್ತು. ಆಫೀಸಿನಲ್ಲಿ ಹನ್ನೊಂದು ಜನ ಗುಮಾಸ್ತರನ್ನು ಹದ್ದುಬಸ್ತಿನಲ್ಲಿಟ್ಟಿರುವ ಹೆಡ್ ಕ್ಲಾರ್ಕ್ ಶಂಭುಲಿಂಗಪ್ಪ ಒಂದು ಗಿಡಕ್ಕೆ ಹೆದರುವುದೇ?

“ಇವತ್ತೊಂದಿನ ಬೇಡ ಕಣ್ರೀ,” ಎಂದಳು ಜಯದೇವಿ. “ಪಕ್ಕದ ಮನೆ ಅನಂತಲಕ್ಷ್ಮೀನ ನೋಡೋಕೆ ಲಗ್ಗೆರೆಯಿಂದ ಗಂಡಿನ ಕಡೆಯೋರು ಬರ್ತಾ ಇದಾರೆ. ಪಾಪ, ಇದು ನಾಲ್ಕನೇದು. ಮೊದಲಿನ ಮೂರು ಜನಾನೂ ಹುಡುಗಿ ಮುಖ ಸಿಡುಕು, ನಗೋದೇ ಇಲ್ಲ ಅಂತ ಬಿಟ್ಟು ಹೋದ್ರು. ಅವರಮ್ಮ ನರಸಮ್ಮ ನಿನ್ನೆಯಿಂದ ಅಳ್ತಾ ಇದಾರೆ.”

“ಅವರು ಮನೆ ಒಳಗೆ ಕೂತು ಹುಡುಗಿ ನೋಡ್ತಾರೆ. ನಾನು ಹಿತ್ತಲಲ್ಲಿ ಬೇಲಿ ನೋಡ್ತೀನಿ. ಅವರ ಸಂಬಂಧಕ್ಕೂ ನನಗೂ ಏನು ಸಂಬಂಧ?”

ನನ್ನ ಮಾತಿನ ಚಮತ್ಕಾರಕ್ಕೆ ನಾನೇ ತಲೆದೂಗಿ, ಹಳೆಯ ಪಟ್ಟೆ ಪಟ್ಟೆ ಚಡ್ಡಿ ಏರಿಸಿ, ತೂತು ಬನಿಯನ್ನು ತೊಟ್ಟು, ತಲೆಗೆ ಟವೆಲು ಸುತ್ತಿ ರಣರಂಗಕ್ಕಿಳಿದೆ.

ಮೊದಲ ಅರ್ಧ ಗಂಟೆ ಜಯ ನನ್ನದೇ. ಆಮೇಲೆ ಹೆಬ್ಬೆರಳು ಗಾತ್ರದ ಕೊಂಬೆಗಳು ಮುಗಿದು ತೋಳು ಗಾತ್ರದವು ಎದುರಾದವು. ಮಚ್ಚು ಹಾಕಿದರೆ ಅದೇ ಪುಟಿದು ನನ್ನ ಮೇಲೆ ಬರುತ್ತಿತ್ತು. ಆಗ ಬುದ್ಧಿ ಉಪಯೋಗಿಸಿದೆ. ಗಟ್ಟಿ ಹಗ್ಗವೊಂದನ್ನು ತಂದು ಎಲ್ಲಕ್ಕಿಂತ ದಪ್ಪನೆಯ ಕೊಂಬೆಗೆ ಬಿಗಿದು, ಎರಡೂ ಕಾಲು ಊರಿ, ಉಸಿರು ಕಟ್ಟಿ ಎಳೆದೆ. ಆಚೆಯಿಂದ ಗುಜುಗುಜು ಮಾತು ಕೇಳಿಸುತ್ತಿದ್ದುದು ನಿಜ. ಯುದ್ಧದಲ್ಲಿರುವವನು ಅದಕ್ಕೆಲ್ಲ ಕಿವಿಗೊಡುವುದಿಲ್ಲ.

ಕೊಂಬೆ ಬರಲಿಲ್ಲ. ಬೇಲಿ ಬಂತು. ಒಳಗಿನ ಬಿದಿರು ಯಾವ ಕಾಲದಲ್ಲೋ ಗೆದ್ದಲಿಗೆ ಆಹಾರವಾಗಿತ್ತು. ಗಿಡ ಬೇಲಿಯನ್ನು ಹಿಡಿದುಕೊಂಡಿತ್ತೇ ಹೊರತು ಬೇಲಿ ಗಿಡವನ್ನಲ್ಲ. ಮೂವತ್ತಡಿ ಉದ್ದದ ಬೇಲಿ ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ, ಮರ್ಯಾದೆಯಿಂದ ಬಾಗಿ, ನನ್ನ ಮೇಲೆ ಮಲಗಿತು.

ಧೂಳು ಇಳಿದ ಮೇಲೆ ಕಣ್ಣು ಬಿಟ್ಟೆ. ಎದುರಿಗೆ ಮುನಿರಾಮಯ್ಯನವರ ಹಿತ್ತಲು. ಸೀಬೆ ಮರದ ಕೆಳಗೆ ಜಮಖಾನ. ಮನೆಯೊಳಗೆ ಜಾಗ ಸಾಲದೆ ಹೆಣ್ಣು ನೋಡುವ ಶಾಸ್ತ್ರವನ್ನು ಅಲ್ಲೇ ಇಟ್ಟುಕೊಂಡಿದ್ದರು. ಒಂಬತ್ತು ಜನ ಗಂಡಿನ ಕಡೆಯವರು ಕೇಸರಿಬಾತಿನ ತಟ್ಟೆ ಹಿಡಿದು, ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಲ್ಲಿಸಿ, ನನ್ನನ್ನು ನೋಡುತ್ತಿದ್ದರು. ನೋಡಲು ಇದ್ದದ್ದು ತಲೆಯೊಂದೇ. ಮಿಕ್ಕ ಶಂಭುಲಿಂಗಪ್ಪ ಹೂವಿನಡಿ ಇದ್ದ. ಕಿವಿಯ ಮೇಲೊಂದು ಗುಲಾಬಿ ಬಣ್ಣದ ಗೊಂಚಲು, ಮೂಗಿನ ಮುಂದೆ ತೊಂಡೆಕಾಯಿ.

ಏನು ಮಾಡಬೇಕೋ ತೋಚದೆ, “ನಮಸ್ಕಾರ. ನೀವು ಮುಂದುವರಿಸಿ,” ಎಂದೆ.

ಕಾಫಿ ತಟ್ಟೆ ಹಿಡಿದು ನಿಂತಿದ್ದ ಅನಂತಲಕ್ಷ್ಮಿ ನಕ್ಕಳು. ಮೊದಲು ತುಟಿ ಕಚ್ಚಿ ತಡೆದಳು. ಆಮೇಲೆ ಲೋಟಗಳೆಲ್ಲ ಗಲಗಲ ಎನ್ನುವ ಹಾಗೆ, ಕಣ್ಣಲ್ಲಿ ನೀರು ಬರುವ ಹಾಗೆ, ತಟ್ಟೆಯನ್ನು ನೆಲಕ್ಕಿಟ್ಟು ಸೊಂಟ ಹಿಡಿದುಕೊಂಡು ನಕ್ಕಳು. ನರಸಮ್ಮನವರ ಮುಖದಲ್ಲಿ ರಕ್ತವಿಲ್ಲ. ಆದರೆ ವರ ಜಗನ್ನಾಥ ನನ್ನ ಕಡೆ ನೋಡುವುದನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನೂ ನಗತೊಡಗಿದ.

ವರನ ತಂದೆ ಕೆಂಪಯ್ಯನವರು ಎದ್ದು ಬಂದು, “ಯಾರಿವರು?” ಎಂದರು.

ಮುನಿರಾಮಯ್ಯ ನನ್ನನ್ನು ಎಳೆದೆತ್ತಿದರು. ನನ್ನ ಚಡ್ಡಿ ನೋಡಿದರು, ಬನಿಯನ್ನು ನೋಡಿದರು. “ಗಿಡ ಕಡಿಯೋಕೆ ಬಂದಿದಾರೆ,” ಎಂದರು. ಸುಳ್ಳು ಎನ್ನುವಂತಿರಲಿಲ್ಲ. ಜಗನ್ನಾಥನೇ ನನ್ನ ಬೆನ್ನಿನ ಮುಳ್ಳುಗಳನ್ನು ಒಂದೊಂದಾಗಿ ಕಿತ್ತ. ಅನಂತಲಕ್ಷ್ಮಿ ಅರಿಶಿನ ತಂದುಕೊಟ್ಟಳು. ಹದಿನಾಲ್ಕು ಮುಳ್ಳು. ಅಷ್ಟು ಹೊತ್ತಿಗೆ ಅವರಿಬ್ಬರ ನಡುವೆ ಮಾತು ಬೆಳೆದಿತ್ತು.

ಸಂಜೆ ಮುನಿರಾಮಯ್ಯ ನಮ್ಮ ಮನೆಗೆ ಬಂದಾಗ ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

“ಒಪ್ಕೊಂಡ್ರು ಸಾರ್. ಇಷ್ಟು ಚೆನ್ನಾಗಿ ನಗೋ ಹುಡುಗಿ ನಮ್ಮನೇಗೆ ಬೇಕು ಅಂದ್ರು. ಬೇಲಿ ಹೋಗ್ಲಿ ಬಿಡಿ, ಇಬ್ರೂ ಸೇರಿ ಇನ್ನೊಂದು ಕಟ್ಟೋಣ.”

ಅಂದಿನಿಂದ ಮದುವೆಯವರೆಗೆ ನಾನು ನೆಲದ ಮೇಲೆ ನಡೆಯಲಿಲ್ಲ. ಸಂಬಂಧ ಕೂಡಿಸಿದವನು ನಾನು ಎಂದು ಬೀದಿಗೆಲ್ಲ ಹೇಳಿದೆ. ಮದುವೆಗೆ ಕೋಟು, ಟೈ ಧರಿಸಿ ಮುಂದಿನ ಸಾಲಿನ ಕುರ್ಚಿಯಲ್ಲೇ ಕುಳಿತೆ. ಕೆಂಪಯ್ಯನವರು ತಟ್ಟೆಯಲ್ಲಿ ಜರಿ ಪಂಚೆ ಇಟ್ಟುಕೊಂಡು ಯಾರನ್ನೋ ಹುಡುಕುತ್ತ ನಮ್ಮ ಬಳಿ ಬಂದರು.

“ಸಾರ್, ನೀವು ಪಕ್ಕದ ಮನೆಯೋರಂತೆ. ಅವತ್ತು ಬೇಲಿ ಕೆಳಗೆ ಸಿಕ್ಕಾಕ್ಕೊಂಡಿದ್ರಲ್ಲ, ಆ ಗಿಡ ಕಡಿಯೋರು, ಅವರಿಗೆ ಅಂತ ಇದನ್ನ ತಂದೆ. ಎಲ್ಲೂ ಕಾಣಿಸ್ತಾ ಇಲ್ಲ. ನಿಮಗೇನಾದ್ರೂ ಗೊತ್ತಾ?”

ನಾನು ಟೈ ಸರಿಮಾಡಿಕೊಂಡೆ. “ಅವನಾ? ಊರಿಗೆ ಹೋಗಿರ್ಬೇಕು,” ಎಂದೆ.

ಜಯದೇವಿ ಎರಡೂ ಕೈ ಚಾಚಿದಳು.

“ಇಲ್ಲಿ ಕೊಡಿ ಅಣ್ಣ, ತಲುಪಿಸ್ತೀನಿ. ನಮ್ಮನೇಲೂ ಕೆಲಸ ಮಾಡೋರು ಅವರೇ. ಇಲ್ಲೀತನಕ ಒಂದೂ ನೆಟ್ಟಗೆ ಮಾಡಿಲ್ಲ.”