ದಬ್ಬ್ ಬೇಟೆಗೆ ನಾನು ಟೈಪಿಸಿದ ಕಾನೂನು

ದಡ್ಡತನಕ್ಕೆ ನಿವೃತ್ತಿಯಿಲ್ಲ, ನಮ್ಮ ಆಫೀಸಿನಲ್ಲಂತೂ ಅದಕ್ಕೆ ಬಡ್ತಿಯೇ ಸಿಗುತ್ತಿತ್ತು. ಎಂಬತ್ತರ ದಶಕದಲ್ಲಿ ನಾನು ಮಸ್ಕತ್ತಿನ ಒಂದು ಪ್ರಾಣಿ ಸಮೀಕ್ಷೆಯ ಆಫೀಸಿನಲ್ಲಿ ಟೈಪಿಸ್ಟ್. ಮರುಭೂಮಿಯಲ್ಲಿ ದಬ್ಬ್ ಅಂತ ಒಂದು ಪ್ರಾಣಿ ಇದೆ, ಮುಳ್ಳುಬಾಲದ್ದು, ನಮ್ಮ ಉಡದ ಹಾಗೆ. ಅದರ ಮಾಂಸ ತಿನ್ನುವವರು ಯಾವಾಗ ಬೇಟೆಯಾಡಬಹುದು ಎಂಬ ನಿಯಮ ನಾವು ಮಾಡಬೇಕಿತ್ತು. ಸಾಹೇಬರು ನಮ್ಮ ಮಂಗಳೂರಿನವರೇ.

ಫಾರಂ

ಸಾಹೇಬರು ಬೇಟೆಗಾರರಿಗೆ ಫಾರಂ ಹಂಚಿಸಿದರು. ಮೊದಲ ಸಾಲು: ‘ಅತಿಯಾಗಿ ಬೇಟೆಯಾಡಿದರೆ ಶಿಕ್ಷೆ.’ ಎರಡನೆಯದು: ‘ನೀವು ಎಷ್ಟು ಕೊಂದಿದ್ದೀರಿ?’ ಬಂದ ಫಾರಂಗಳಲ್ಲೆಲ್ಲ ಸೊನ್ನೆ.

“ನೋಡು ಮಾರಾಯ, ಇಲ್ಲಿ ಯಾರೂ ಬೇಟೆ ಮಾಡುದೇ ಇಲ್ಲ!” ಅಂದರು.

ಒಂದು ಫಾರಂ ಮೇಲೆ ಮಾಂಸದ ಜಿಡ್ಡಿನ ಕಲೆಯೇ ಇತ್ತು. ತೋರಿಸಿದೆ.

“ಅದಕ್ಕೆ ವೈಟ್ನರ್ ಹಾಕು.”

ಮೂರು ಜೀಪು

ಬಿಲ ಎಣಿಸಲು ನಮ್ಮಲ್ಲಿ ಒಬ್ಬರು ಒಮಾನಿ ಮುದುಕರಿದ್ದರು, ಹಳೇ ಬೇಟೆಗಾರರು. ಅವರ ಎಣಿಕೆ ನಂಬದೆ ಸಾಹೇಬರು ಊರಂಚಿನ ಘಾಲಾದ ಗ್ಯಾರೇಜಿನಿಂದ ಮೂರು ಜೀಪು ತರಿಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಮರುಭೂಮಿಗೆ ತಾವೇ ಹೊರಟರು. ಆ ಸದ್ದಿಗೆ ದಬ್ಬ್‌ಗಳೆಲ್ಲ ಬಿಲದೊಳಗೆ.

“ಒಂದೂ ಇಲ್ಲ. ಇಲ್ಲದ್ದಕ್ಕೆ ನಿಯಮ ಎಂತಕ್ಕೆ?” ಅಂದರು ಸಾಹೇಬರು.

ನನಗೆ ಸಿಟ್ಟು ನೆತ್ತಿಗೇರಿತು. ಮುದುಕರು ತಣ್ಣಗೆ ಚಕ್ರದ ಅಡಿ ಬೆರಳು ತೋರಿಸಿದರು: “ನೀವು ಜೀಪು ನಿಲ್ಲಿಸಿದ್ದು ಬಿಲದ ಬಾಯಿಯ ಮೇಲೆ.”

ಎರಡು ತಿಂಗಳು

ಮುದುಕರು ಕೇಳಿದ್ದು ಇಷ್ಟೇ: “ಬೇಸಿಗೆಯ ಮೊದಲ ಎರಡು ತಿಂಗಳು ಮೊಟ್ಟೆಯ ಕಾಲ, ಆಗ ಬಿಡಿ. ಉಳಿದಾಗ ತಿನ್ನೋಣ. ಹೆಣ್ಣು ಉಳಿದರೆ ನನ್ನ ಮೊಮ್ಮಕ್ಕಳಿಗೂ ಸಿಗುತ್ತದೆ.” ಅವರು ವರ್ಷಗಟ್ಟಲೆ ಬಿಸಿಲಲ್ಲಿ ಎಣಿಸಿದ್ದನ್ನೆಲ್ಲ ನಾನು ಟೈಪಿಸಿ ಇಟ್ಟೆ.

ಕೊನೆಗೂ ಸಾಹೇಬರು ಒಪ್ಪಿದರು. ಆದರೆ ಆ ವರ್ಷ ಬೇಸಿಗೆಗೆ ಬಿದ್ದಿದ್ದ ಎರಡು ಹಿಜ್ರಿ ತಿಂಗಳ ಹೆಸರು ಬರೆಸಿಬಿಟ್ಟರು. ಚಂದ್ರನ ಲೆಕ್ಕದ ಈ ಅರಬ್ಬಿ ತಿಂಗಳು ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುತ್ತದೆ. ಆ ಊರಿನ ಮಕ್ಕಳಿಗೂ ಗೊತ್ತಿರುವ ವಿಷಯ.

“ಸರ್, ಹೀಗಾದ್ರೆ ನಿಷೇಧ ಚಳಿಗಾಲಕ್ಕೆ ಹೋಗ್ತದೆ.”

“ನೀನು ಟೈಪ್ ಮಾಡು ಮಾರಾಯ. ಖಲಾಸ್!”

ಟೈಪ್ ಮಾಡಿದೆ. ಆ ಸಿಟ್ಟು ನನ್ನ ಮೇಲೂ ಇದೆ.

ಎಂಟೊಂಬತ್ತು ವರ್ಷದಲ್ಲಿ ನಿಷೇಧ ನಡುಚಳಿಗೆ ಬಂದು ಕೂತಿತು. ಆಗ ದಬ್ಬ್ ಬಿಲದೊಳಗೆ ನಿದ್ದೆಯಲ್ಲಿರುತ್ತದೆ. ಬೇಸಿಗೆಯಲ್ಲಿ ಮೊಟ್ಟೆ ಹೊತ್ತು ಹೊರಬಂದ ಹೆಣ್ಣುಗಳಿಗೆ ಮಾತ್ರ ಯಾವ ರಕ್ಷಣೆಯೂ ಇಲ್ಲ. ಸಾಹೇಬರು ವರದಿ ಬರೆಸಿದರು: ‘ನಿಷೇಧದ ತಿಂಗಳಲ್ಲಿ ಒಂದೂ ಬೇಟೆಯಾಗಿಲ್ಲ. ನಿಯಮ ಸಂಪೂರ್ಣ ಯಶಸ್ವಿ.’ ಬಡ್ತಿಯೂ ಬಂತು.

ಅದನ್ನು ಮುದುಕರಿಗೆ ಓದಿ ಹೇಳಿದೆ. ಅವರು ಖಾಲಿ ಬಿಲಗಳ ಪಟ್ಟಿ ನನ್ನ ಮೇಜಿನ ಮೇಲಿಟ್ಟರು.

“ನಿಜವೇ. ನಿದ್ದೆಯಲ್ಲಿದ್ದವು ನಿಮ್ಮ ಕಾನೂನು ಪಾಲಿಸಿದವು. ಎಚ್ಚರವಾದವನ್ನು ನಾವು ತಿಂದೆವು.”