ಕಾಕಾ, ಕಾಕು ಮತ್ತು ಮೈಕ್ರಾನು

ನವಲಗುಂದದ ಕಣ್ಣಿನ ದವಾಖಾನೆಯೊಂದರಲ್ಲಿ ಕಣ್ಣೊಳಗಿನ ಪರದೆಯ ಫೋಟೊ ತೆಗೆಯುವುದು ನನ್ನ ಕೆಲಸ. ಮಷೀನು ಅಂಕಿ ಬರೆದು ಸುಮ್ಮನಾಗುತ್ತದೆ. ಅದರ ಅರ್ಥ ಹೇಳಲು ಹೋಗಿ ಫಜೀತಿಗೆ ಬೀಳುವವಳು ನಾನು. ವಾರಕ್ಕೊಮ್ಮೆಯಾದರೂ ಇದು ಇದ್ದದ್ದೇ.

೧

ಮೊರಬದ ಕಾಕಾ ಒಬ್ಬರಿಗೆ ಸಕ್ಕರೆ ಕಾಯಿಲೆಯಿಂದ ಪರದೆ ಬಾತಿತ್ತು. ರಿಪೋರ್ಟಿನಲ್ಲಿ ಐನೂರಾ ಹನ್ನೆರಡು ಮೈಕ್ರಾನು. ಹಾಗಂದರೆ ಎಷ್ಟು ಎಂದು ಕೇಳಿದರು. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲೊಂದು ಪಾಲು ಎಂದೆ. ಹೊಲದ ಬದುವಿಗಾಗಿ ಅಣ್ಣನ ಜೊತೆ ಹನ್ನೊಂದು ವರ್ಷ ಕೋರ್ಟಿಗೆ ಅಲೆದವರು ಅವರು. ತುಸು ಯೋಚಿಸಿ, "ಇಷ್ಟ ಸಣ್ಣ ಅಳತಿ ಐತಿ ಅಂತ ನಮ್ಮಣ್ಣಗ ಗೊತ್ತಾಗಬಾರದ್ರಿ ಯವ್ವಾ," ಎಂದರು.

೨

ಬಾವು ಇಳಿಸಲು ಕಣ್ಣಿಗೆ ಕೊಡುವ ಇಂಜೆಕ್ಷನ್ನಿಗೆ ಕಾಕಾ ಹೆದರಿದ್ದರೆಂದು, ಅಂಕಿ ಇಳಿದಷ್ಟೂ ಛಲೋ ಎಂದು ಧೈರ್ಯ ಹೇಳಿದ್ದೆ. ಕೆಲವು ತಿಂಗಳಲ್ಲಿ ಅದು ಇನ್ನೂರಾ ತೊಂಬತ್ತಕ್ಕೆ ಬಂತು. ಕಾಕಾ ಕಾಯುತ್ತಿದ್ದವರನ್ನೆಲ್ಲ ನಿಮ್ಮದೆಷ್ಟು ಎಂದು ಕೇಳಿ, ತಮಗಿಂತ ಹೆಚ್ಚಿದ್ದವರಿಗೆ ಸಮಾಧಾನ ಹೇಳುತ್ತ ಹೊರಟರು. ಚಷ್ಮಾಕ್ಕೆ ಬಂದಿದ್ದ ಮಾಸ್ತರರೊಬ್ಬರು ತಮ್ಮ ನಂಬರು ಒಂದೂವರೆ ಎಂದಾಗ ಮಾತ್ರ ಎರಡೂ ಕೈ ಎತ್ತಿ ಮುಗಿದರು.

೩

ಅವರ ಹೆಂಡತಿ, ನಮ್ಮ ಕಾಕುವಿಗೆ ಇರುವುದು ಗ್ಲಾಕೋಮಾ, ಕಣ್ಣಿನ ನರ ಸವೆಯುವ ಕಾಯಿಲೆ. ಅವರಲ್ಲಿ ಅಳೆಯುವುದು ಕಣ್ಣಿನ ನರದ ಪದರವನ್ನು. ಹೋದ ವರ್ಷ ಎಂಬತ್ನಾಲ್ಕು ಮೈಕ್ರಾನು ಇತ್ತು, ಈ ಸಲ ಅರವತ್ತೊಂದು. ಕಾಕಾ ರಿಪೋರ್ಟು ನೋಡಿದವರೇ, "ಇಕೀದೂ ಇಳದೈತಿ," ಎಂದು ಎಲ್ಲರಿಗೂ ಶೇಂಗಾ ಉಂಡಿ ಹಂಚಿಬಿಟ್ಟರು. ನನ್ನ ಕೈಗೂ ಒಂದು ಬಂತು.

ಆ ಪಾಠ ಕಲಿಸಿದವಳು ನಾನೇ. ಬಾವು ಇಳಿಯಬೇಕು, ನರ ಇಳಿಯಬಾರದು. ಅಳತೆ ಮಾತ್ರ ಎರಡಕ್ಕೂ ಒಂದೇ. ಹೋದ ನರ ಮರಳಿ ಬರುವುದಿಲ್ಲ, ಉಳಿದದ್ದನ್ನು ಹನಿ ಔಷಧ ಹಾಕಿ ಕಾಯ್ದುಕೊಳ್ಳಬೇಕು ಎಂದು ಹೇಳುವಾಗ ನನಗೇ ಅಳು ಬಂತು. ಉಂಡಿ ಹಿಡಿದುಕೊಂಡು ಅಳುವುದು ಹೇಗೆಂದು ಯಾರೂ ಕಲಿಸಿರಲಿಲ್ಲ.

ಕಾಕು ಬೆಚ್ಚಲಿಲ್ಲ. "ನನಗ ಗೊತ್ತಿತ್ತ ಯವ್ವಾ. ಬಾಜೂ ಕುಂತ್ರ ಇವರು ಕಾಣವಲ್ರು. ಎದುರಿಗೆ ಬಂದ್ರ ಅಷ್ಟ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕಾಕಾ ಕೇಳಿದರು.

"ನಿಮ್ಮದು ಇಳಿಯಾಕತ್ತಿತ್ತು. ಖುಷಿಯಾಗಿದ್ರಿ."

ಕಾಕಾ ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಂತೆ ಅವರ ಎದುರಿಗೇ ಕೂತರು. ಈಗ ಕಾಣುತ್ತೇನೇನು ಎಂದು ಕೇಳಿದರು.

ಕಾಕು ಬಹಳ ಹೊತ್ತು ಅವರ ಮುಖ ನೋಡಿದರು.

"ಕಾಣತೀರಿ," ಎಂದರು. "ಗಡ್ಡಾ ಮಾಡ್ಕೊಂಡ ಬರಬೇಕಿತ್ತು."