ಸಮಗ್ರ ಪಾಯಸಕೋಶ

“ಇಷ್ಟು ದೊಡ್ಡ ಇಂಟರ್ನೆಟ್ಟು! ಚಂದ್ರನ ಮೇಲೆ ಎಷ್ಟು ಗುಂಡಿ ಉಂಟು ಅಂತ ಹೇಳ್ತದೆ. ಪೆರಾಬೆಯ ಮದುವೆಯಲ್ಲಿ ಯಾವ ಪಾಯಸ ಇತ್ತು ಅಂತ ಕೇಳಿದ್ರೆ ಮಾತ್ರ ಬಾಯಿ ಬಿದ್ದುಹೋಗ್ತದೆ!”

ಅರಂತೋಡಿನಲ್ಲಿ ಪಂಪುಸೆಟ್ಟಿನ ಅಂಗಡಿ ಇಟ್ಟಿರುವ ಗೌರೀಶಂಕರ ಭಟ್ರು ಹೀಗೆ ಗುಡುಗಿ ಫೋನನ್ನು ಸೋಫಾದ ಮೇಲೆ ಎಸೆದರು. ಸಿಟ್ಟು ನೆಲಕ್ಕೇ ಎಸೆಯುವಷ್ಟು ಇತ್ತು. ಆದರೆ ಫೋನು ಹೊಸತು.

ವಿಷಯ ಇಷ್ಟೆ. ಹಿಂದಿನ ದಿನ ಭಾವ ವಿಷ್ಣುಪ್ರಸಾದರ ಜೊತೆ ಚರ್ಚೆ ಆಗಿತ್ತು. ಆ ಮದುವೆಯಲ್ಲಿ ಬಡಿಸಿದ್ದು ಹಲಸಿನ ಹಣ್ಣಿನ ಪಾಯಸ ಅಂತ ಭಟ್ರು. ಅಲ್ಲವೇ ಅಲ್ಲ, ಕಡ್ಲೆಬೇಳೆ ಪಾಯಸ ಅಂತ ಭಾವ. ಸಾಕ್ಷಿ ಹೇಳಲಿ ಅಂತ ಫೋನನ್ನು ಕೇಳಿದರೆ ಅದು ಡಬ್ಬಿ ಹಾಲು ಸುರಿದು ಹಲಸಿನ ಹಣ್ಣಿನ ಪಾಯಸ ಮಾಡುವ ಯಾರದೋ ವೀಡಿಯೊ ತೋರಿಸಿತು. ಆಮೇಲೆ ಹತ್ತಿರದ ಹೋಟೆಲುಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಎರಡು ಬಾರು! ಹಲಸಿನ ಹಣ್ಣಿಗೆ ಡಬ್ಬಿ ಹಾಲು! ತೆಂಗಿನಕಾಯಿ ಹಾಲು ಎಂಬುದು ಸತ್ತುಹೋಯಿತೇ ಈ ಲೋಕದಲ್ಲಿ?

“ನಾನೇ ಮಾಡ್ತೇನೆ!” ಭಟ್ರು ಎದ್ದು ನಿಂತು ಘೋಷಿಸಿದರು. “ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕಿನ ಸಮಗ್ರ ಪಾಯಸಕೋಶ! ಒಂದು ಹೆಸರು ಒತ್ತಿದರೆ ಸಾಕು. ಎಲ್ಲಿ, ಯಾವ ದಿನ, ಅಡುಗೆ ಯಾರದ್ದು, ಬೆಲ್ಲ ಎಷ್ಟು ಮುಂದೆ, ಏಲಕ್ಕಿ ಎಷ್ಟು ಹಿಂದೆ, ಎಲ್ಲ ಕೈಕಟ್ಟಿ ಎದುರು ಬಂದು ನಿಲ್ಲಬೇಕು!”

ಹೆಂಡತಿ ಈಶ್ವರಿಯಕ್ಕ ಬೀನ್ಸಿನ ನಾರು ತೆಗೆಯುತ್ತಾ ಕೇಳಿದರು, “ನಿಮ್ಮ ಸಕ್ಕರೆ ಕಾಯಿಲೆಯ ಮಾತ್ರೆ ಎಲ್ಲಿಟ್ಟಿದ್ದೀರಿ ಅಂತ ಒತ್ತಿದರೆ ಬರ್ತದಾ?”

“ಇದು ಸಾಂಸ್ಕೃತಿಕ ಕೆಲಸ ಈಶ್ವರಿ! ನಡುವೆ ಮಾತ್ರೆಯ ಸುದ್ದಿ ತರಬೇಡ!”

ಭಟ್ರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಊಟದ ಮನೆಯಲ್ಲಿ ಅರ್ಧ ಸೌಟು ಪಾಯಸ ಅಡ್ಡಿಯಿಲ್ಲ ಅಂತ ಸುಳ್ಯದ ಡಾಕ್ಟರು ಹೇಳಿದ್ದರು. ಭಟ್ರೂ ಪ್ರತಿ ಊಟ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ “ಅರ್ಧ ಸೌಟು, ಅಷ್ಟೆ” ಅಂತ ವರದಿ ಒಪ್ಪಿಸುತ್ತಿದ್ದರು.

ಕೋಶದ ಕೆಲಸ ಶುರುವಾಯಿತು. ಭಟ್ರು ಮೂರು ವಾರ ವೀಡಿಯೊ ನೋಡಿ ಫೋನಿನಲ್ಲಿ ಪಟ್ಟಿ ಮಾಡುವುದನ್ನು ಕಲಿತರು. ಹಳೆಯ ಆಮಂತ್ರಣ ಪತ್ರಿಕೆಗಳನ್ನೆಲ್ಲ ಕಪಾಟಿನಿಂದ ಸುರಿದರು. ಮದುವೆ, ಉಪನಯನ, ಗೃಹಪ್ರವೇಶ ಯಾವುದನ್ನೂ ಬಿಡಲಿಲ್ಲ. ಸಾವಿನ ಮನೆಯ ಬೊಜ್ಜದ ಊಟವನ್ನೂ ಬಿಡಲಿಲ್ಲ! ತೀರಿಕೊಂಡವರ ಹೆಸರು ಮರೆತಿತ್ತು, ಆದರೆ ಪಾಯಸದ್ದು ಕಲ್ಲಿನ ಶಾಸನದ ಹಾಗೆ ನೆನಪಿತ್ತು. ಪ್ರತಿ ಊಟದ ವಿವರದ ಕೊನೆಗೆ ‘ವಿಶೇಷ ಟಿಪ್ಪಣಿ’ ಅಂತ ಒಂದು ಸಾಲು. ಸಂಗ್ರಹ ಮಾಡುವವ ಸುಳ್ಳು ಬರೆಯಬಾರದು ಎಂಬ ನಿಷ್ಠೆಯಿಂದ ಅಲ್ಲಿ ಸತ್ಯವನ್ನೇ ಬರೆದರು.

ಹೊಸ ಊಟಗಳಿಗೆ ಹೋದಾಗ ಬಲಗೈ ಎಲೆಯಲ್ಲಿ, ಎಡಗೈ ಫೋನಿನಲ್ಲಿ. ಗುಂಡ್ಯದ ಗೃಹಪ್ರವೇಶದಲ್ಲಿ ಇವರು ಟಕಟಕ ಒತ್ತುವುದನ್ನು ಕಂಡ ಅಡುಗೆಯವರು, ಆಹಾರ ಇಲಾಖೆಯವರೇ ಇರಬೇಕು ಅಂತ ಹೆದರಿ ಪಾಯಸದ ಪಾತ್ರೆಯನ್ನೇ ಪಕ್ಕದಲ್ಲಿ ತಂದಿಟ್ಟರು. ಸಂಶೋಧನೆಗೆ ಭಂಗ ಬರಬಾರದೆಂದು ಭಟ್ರು ಸುಮ್ಮನಿದ್ದರು.

ಒಂದು ಭಾನುವಾರ ಲೋಕಾರ್ಪಣೆ. ಭಾವನನ್ನು ಕರೆಸಿ ‘ಪೆರಾಬೆ’ ಅಂತ ಒತ್ತಿದರು. ‘ಹಲಸಿನ ಹಣ್ಣು’ ಅಂತ ಬಂತು!

“ಈಗ ಎಂತ ಹೇಳ್ತೀರಿ?”

“ಬರೆದದ್ದು ನೀವೇ ಅಲ್ವಾ ಭಾವ?” ಅಂದು ವಿಷ್ಣುಪ್ರಸಾದರು ಚಹಾ ಕುಡಿದು ಹೋದರು.

ಭಟ್ರು ಕುದಿಯುತ್ತಿರುವಾಗ ಈಶ್ವರಿಯಕ್ಕ ಕೈಯೊರೆಸಿಕೊಂಡು ಬಂದರು. “ನನಗೂ ಒಮ್ಮೆ ಕೊಡಿ, ನೋಡುವ.” ಫೋನು ತಗೊಂಡು ಅವರು ಒತ್ತಿದ್ದು ಒಂದೇ ಹೆಸರು: ಈಶ್ವರಿ.

ಭಟ್ರು ಫೋನಿಗೆ ಕೈ ಚಾಚಿದರು. “ಅದು... ಮನೆಯ ಪಾಯಸ ಇನ್ನೂ ಸೇರಿಸಿಲ್ಲ ಮಾರಾಯ್ತಿ...”

ಆದರೆ ಫೋನು ಹೇಳಿತು: ಅರವತ್ತನಾಲ್ಕು ಫಲಿತಾಂಶ!

ಈಶ್ವರಿಯಕ್ಕನ ಮುಖ ಅರಳಿತು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. “‘ಈಶ್ವರಿ ಎದುರು ಪಂಕ್ತಿಯಲ್ಲಿ. ಎರಡೇ ಸಲ.’ ‘ಈಶ್ವರಿ ಕಣ್ಣು ದೊಡ್ಡ ಮಾಡಿದಳು. ಒಂದಕ್ಕೇ ನಿಲ್ಲಿಸಿದೆ. ದೊಡ್ಡ ನಷ್ಟ.’ ‘ಈಶ್ವರಿ ಬಂದಿರಲಿಲ್ಲ. ಐದು ಸಲ. ದೇವರು ದೊಡ್ಡವನು!’”

ಈಶ್ವರಿಯಕ್ಕ ನಿಧಾನವಾಗಿ ‘ಐದು ಸಲ’ ಅಂತ ಒತ್ತಿದರು. ಇಪ್ಪತ್ತೆರಡು ಬಂತು.

“ಅರ್ಧ ಸೌಟು ಅಂತ ಹೇಳುದಲ್ವಾ ನೀವು ಮನೆಗೆ ಬಂದು?”

“ಪ್ರತಿ ಸಲವೂ ಅರ್ಧ ಸೌಟೇ ಈಶ್ವರಿ!”

“ಬಡಿಸಿದ್ದು ಅಡುಗೆಯವರು. ಇನ್ನು ಬಡಿಯುದು ನಾನು!”

ಮರುದಿನ ಬೆಳಿಗ್ಗೆ ಇಬ್ಬರೂ ಸುಳ್ಯದಲ್ಲಿ, ಡಾಕ್ಟರ್ ಸಂಪ್ರೀತರ ಎದುರು. ಮಾತ್ರೆ ಏರಿಸಿದರೂ ಸಕ್ಕರೆ ಯಾಕೆ ಇಳಿಯುದಿಲ್ಲ ಅಂತ ಎರಡು ವರ್ಷದಿಂದ ತಲೆ ಕೆರೆದುಕೊಂಡವರು ಅವರು. ಒಂದು ಕೈಯಲ್ಲಿ ರಕ್ತಪರೀಕ್ಷೆಯ ಫೈಲು, ಇನ್ನೊಂದರಲ್ಲಿ ಪಾಯಸಕೋಶ ಹಿಡಿದು ತಾಳೆ ನೋಡಿದರು.

“ಮಾರ್ಚ್ ಹನ್ನೆರಡು, ಮುನ್ನೂರ ನಲವತ್ತು. ಹಿಂದಿನ ದಿನ ಎಂತ ಉಂಟು? ಕಡಬ, ಉಪನಯನ, ಪರಡಿ ಪಾಯಸ, ನಾಲ್ಕು ಸಲ! ಭಟ್ರೇ, ತಾರೀಕು ಸಮೇತ ತಪ್ಪೊಪ್ಪಿಕೊಂಡ ಪೇಷಂಟು ನನಗೆ ಈವರೆಗೆ ಸಿಕ್ಕಿಲ್ಲ!”

“ತಪ್ಪೊಪ್ಪಿಗೆ ಅಲ್ಲ ಡಾಕ್ಟ್ರೇ, ಕೋಶ!” ಭಟ್ರು ಉರಿದುಬಿದ್ದರು. ಸತ್ಯ ಬರೆದದ್ದಕ್ಕೆ ಇದೇ ಸನ್ಮಾನವೇ? ಡಬ್ಬಿ ಹಾಲಿನವರನ್ನು ಕೇಳುವವರಿಲ್ಲ, ನನಗೆ ಮಾತ್ರ ವಿಚಾರಣೆಯೇ?

ಡಾಕ್ಟರು ಬೈದು, ಇನ್ನೊಂದು ಮಾತ್ರೆ ಬರೆದು, ಆಮೇಲೆ ಸ್ವರ ತಗ್ಗಿಸಿದರು. “ಆ ಪೆರಾಬೆಯ ಅಡುಗೆಯವರ ನಂಬರು ಸಿಕ್ಕೀತಾ? ನನ್ನ ತಂಗಿಯ ಮದುವೆ ಉಂಟು.”

ಭಟ್ರು ಕುರ್ಚಿಯಲ್ಲೇ ಒಂದು ಗೇಣು ಎತ್ತರವಾದರು. “ಸಿಕ್ಕೀತಾ ಅಂದ್ರೆ! ಮೂರು ತಾಲೂಕಿನ ನಲವತ್ತೊಂದು ಜನರದ್ದೂ ಉಂಟು!”

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ. “ಕಂಡೆಯಾ? ಬೈದ ಡಾಕ್ಟ್ರಿಗೂ ಬೇಕಾದದ್ದು ನನ್ನ ಕೋಶವೇ!”

“ಹೌದು, ಭಾರೀ ಉಪಯೋಗ ಉಂಟು,” ಅಂದರು ಈಶ್ವರಿಯಕ್ಕ. “ಸ್ವಲ್ಪ ಫೋನು ಕೊಡಿ.”

ಹದಿನೈದು ದಿನ ಕಳೆದು ಪುತ್ತೂರಿನಲ್ಲಿ ಒಂದು ಮದುವೆ. “ನನಗೆ ಗಂಟುನೋವು, ನೀವೊಬ್ಬರೇ ಹೋಗಿ ಬನ್ನಿ,” ಅಂದರು ಈಶ್ವರಿಯಕ್ಕ. ಭಟ್ರು ಮುಖದಲ್ಲಿ ಆದಷ್ಟು ದುಃಖ ತಂದುಕೊಂಡು, ಮೆಟ್ಟಿಲನ್ನು ಎರಡೆರಡಾಗಿ ಇಳಿದರು.

ಗಸಗಸೆ ಪಾಯಸ! ಪರಿಮಳ ನಾಲ್ಕು ಪಂಕ್ತಿ ಆಚೆಯಿಂದಲೇ ಬಂತು. ಬಡಿಸುವವರು ಬದಿಗೆ ಸರಿದು, ಮುಖ್ಯ ಅಡುಗೆಯವರೇ ಸೌಟು ಹಿಡಿದು ಭಟ್ರ ಎಲೆಯ ಮುಂದೆ ನಿಂತರು.

“ಅರಂತೋಡಿನ ಗೌರೀಶಂಕರ ಭಟ್ರು ಅಲ್ವಾ?”

ಆಹಾ, ಕೀರ್ತಿ ಎಂದರೆ ಇದು! “ಹೌದು, ಹೌದು! ನಮ್ಮ ಕೋಶ ನೋಡಿದ್ದೀರಾ?”

“ಇಲ್ಲ, ನಿಮ್ಮ ಫೋಟೋ ನೋಡಿದ್ದೇನೆ,” ಅಂದವರು ಅಳೆದ ಹಾಗೆ ಅರ್ಧ ಸೌಟು ಹಾಕಿ ತಿರುಗಿ ಕೂಗಿದರು, “ಇವರಿಗೆ ಮಜ್ಜಿಗೆ ತನ್ನಿ!”

ಭಟ್ರು ಮನೆಗೆ ಬಂದದ್ದು ಪ್ರಷರ್ ಕುಕ್ಕರಿನ ಹಾಗೆ. “ಎಂತ ಮಾಡಿದ್ದು ನೀನು? ಮೂರು ತಾಲೂಕಿನಲ್ಲಿ ನನ್ನ ಮರ್ಯಾದೆ ತೆಗೆದೆಯಲ್ಲ!”

ಈಶ್ವರಿಯಕ್ಕ ಗಂಟುನೋವಿನ ಸುಳಿವೇ ಇಲ್ಲದೆ ಚುರುಕಾಗಿ ಎದ್ದು ಬಂದರು.

“ಫೋಟೋ ಹಾಕಿ ನಿಮ್ಮ ಕೋಶದ ಅಡುಗೆಯವರೆಲ್ಲರಿಗೂ ಒಂದೇ ಮೆಸೇಜು ಕಳಿಸಿದ್ದು. ಮೂವತ್ತೆಂಟು ಜನ ‘ಆಯ್ತು ಅಕ್ಕ’ ಅಂತ ಉತ್ತರವೂ ಕೊಟ್ಟಿದ್ದಾರೆ ಪಾಪ. ಮೂವರಿಗೆ ಮಾತ್ರ ಹೋಗುದಿಲ್ಲ. ನಂಬರು ತಪ್ಪು ಬರೆದಿದ್ದೀರಿ ಅಂತ ಕಾಣ್ತದೆ, ಸ್ವಲ್ಪ ಸರಿ ಮಾಡಿ ಕೊಡಿ.”